ಮೆಣಸಿನ ವ್ಯಾಪಾರಿಗಳು ಕಟ್ಟಿದ ಶಾಲೆ

ಇಂಗ್ಲೆಂಡಿನ ಶಾಲೆ ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ಈಟನ್ನು, ಹ್ಯಾರೋ. ನೆಹರೂ ಹ್ಯಾರೋದಲ್ಲಿ ಓದಿದ್ದು ಅಂತ ಪ್ರೈಮರಿ ಸ್ಕೂಲಿನಲ್ಲೇ ಬಾಯಿಪಾಠ ಮಾಡಿದವರು ನಾವು. ಆದರೆ ಇವತ್ತು ನಾನು ಹೇಳಹೊರಟಿರುವುದು ಅಂಥ ದೊಡ್ಡ ಹೆಸರಿನ ಶಾಲೆಯ ಕಥೆಯಲ್ಲ. ಒಂದು ಕಾಲಕ್ಕೆ ಊರಿಗೇ ಹೆಮ್ಮೆಯಾಗಿದ್ದು, ಆಮೇಲೆ "ಬ್ರಿಟನ್ನಿನ ಅತಿ ಕೆಟ್ಟ ಶಾಲೆ" ಅಂತ ಪತ್ರಿಕೆಗಳಿಂದ ಬೈಸಿಕೊಂಡು, 1995ರಲ್ಲಿ ಬಾಗಿಲು ಹಾಕಿಸಿಕೊಂಡ ಒಂದು ಹೈಸ್ಕೂಲಿನ ಕಥೆ. ಅದೇ ಜಾಗದಲ್ಲಿ ಮತ್ತೆ ಎದ್ದು ನಿಂತ ಇನ್ನೊಂದು ಶಾಲೆಯ ಕಥೆಯೂ ಹೌದು.

ನನಗೆ ಇದರ ಪರಿಚಯವಾಗಿದ್ದು ರೈಲಿನ ಕಿಟಕಿಯಿಂದ. 2003ರಲ್ಲಿ ಕಂಪನಿ ಕೆಲಸದ ಮೇಲೆ ಏಳೆಂಟು ತಿಂಗಳು ಲಂಡನ್ನಿನಲ್ಲಿದ್ದೆ. ಆಫೀಸು ಲಿವರ್‌ಪೂಲ್ ಸ್ಟ್ರೀಟ್ ಹತ್ತಿರ, ಮನೆ ವಾಲ್ತಮ್‌ಸ್ಟೋದಲ್ಲಿ. ದಿನಾ ಹೋಗಿಬರುವ ದಾರಿಯಲ್ಲಿ ಹ್ಯಾಕ್ನಿ ಡೌನ್ಸ್ ಅಂತ ಒಂದು ಸ್ಟೇಷನ್ ಬರುತ್ತದೆ. ಅದನ್ನು ದಾಟಿದ ಮೇಲೆ ರೈಲು ಹಳಿ ಎರಡಾಗಿ ಕವಲೊಡೆಯುತ್ತದೆ. ಆ ಕವಲಿನ ನಡುವೆ, ತ್ರಿಕೋನದಂಥ ಜಾಗದಲ್ಲಿ, ಏನೋ ಕಟ್ಟುತ್ತಿದ್ದರು. ಏನದು ಅಂತ ಒಂದು ದಿನ ಪಕ್ಕದಲ್ಲಿ ಕೂತಿದ್ದ ವಯಸ್ಸಾದವರೊಬ್ಬರನ್ನು ಕೇಳಿದೆ. "ಶಾಲೆ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲೂ ಅಲ್ಲಿ ಒಂದು ಶಾಲೆ ಇತ್ತು" ಅಂದರು. ಅಷ್ಟೇ. ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಹೋದರು.

ಆ "ಇತ್ತು" ಅನ್ನುವ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಮೇಷ್ಟ್ರ ಮಗ ನಾನು. ಅಪ್ಪ ಮಲೆನಾಡಿನ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಾಠ ಮಾಡಿ, ಹೆಡ್‌ಮಾಸ್ಟರಾಗಿ ರಿಟೈರ್ ಆದವರು. ಶಾಲೆ ಅನ್ನುವುದು "ಇತ್ತು" ಆಗಬಹುದು ಅಂತ ನನಗೆ ಹೊಳೆದೇ ಇರಲಿಲ್ಲ. ಅಂದಿನಿಂದ ಆ ಶಾಲೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದೆ. ಓದಿದ್ದನ್ನು ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಕಾಫಿ ಲೋಟ ಹಿಡಿದೇ ಕೂತುಕೊಳ್ಳಿ :)

*

ಕಥೆ ಶುರುವಾಗುವುದು ಕರಿಮೆಣಸಿನಿಂದ ಅಂದರೆ ನಂಬುತ್ತೀರಾ?

ಲಂಡನ್ನಿನಲ್ಲಿ ಬೇರೆ ಬೇರೆ ಕಸುಬಿನವರು ಮಧ್ಯಯುಗದಿಂದಲೂ ತಂತಮ್ಮ ಸಂಘಗಳನ್ನು ಕಟ್ಟಿಕೊಂಡಿದ್ದರು. ಅದರಲ್ಲಿ ಮೆಣಸಿನ ವ್ಯಾಪಾರಿಗಳದ್ದೂ ಒಂದು. ಈ ಮೆಣಸಿನವರೇ ಮುಂದೆ 1345ರಲ್ಲಿ ಸೇರಿ ಕಟ್ಟಿಕೊಂಡ ಕೂಟ ಗ್ರೋಸರ್ಸ್ ಕಂಪನಿ ಅಂತ ಹೆಸರಾಯಿತು. ಗ್ರೋಸರ್ ಅಂದರೆ ಇವತ್ತಿನ ದಿನಸಿ ಅಂಗಡಿಯವನಲ್ಲ, ಸಗಟಿನಲ್ಲಿ ಕೊಂಡು ಮಾರುವವನು ಅಂತ ಮೂಲ ಅರ್ಥ. ಅವರ ಲಾಂಛನದಲ್ಲಿ ಲವಂಗದ ಮೊಗ್ಗುಗಳಿವೆ, ಮೇಲೆ ಮೆಣಸಿನ ಮೂಟೆ ಹೊತ್ತ ಒಂಟೆ ಇದೆ. ಒಂಟೆ ಯಾಕೆ ಅಂದರೆ, ಮೆಣಸು ಅರಬ್ಬರ ನಾಡು, ಈಜಿಪ್ಟು ದಾಟಿಕೊಂಡು ಯುರೋಪಿಗೆ ಬರುತ್ತಿದ್ದ ಕಾಲ ಅದು. ಆ ಒಂಟೆಯ ಬೆನ್ನ ಮೇಲಿನ ಮೂಟೆ ಹೊರಟಿದ್ದು ಎಲ್ಲಿಂದ? ನಮ್ಮ ಪಶ್ಚಿಮ ಘಟ್ಟದ ಕೆಳಗಿನ ಬಂದರುಗಳಿಂದ. 16ನೇ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು "ಮೆಣಸಿನ ರಾಣಿ" ಅಂತ ಕರೆದದ್ದು ನಿಮಗೆ ಗೊತ್ತೇ ಇದೆ. ನಮ್ಮ ಮನೆಯ ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯ ಹಿರೀಕರು ಆ ಲಾಂಛನದಲ್ಲಿ ಕೂತಿದ್ದಾರೆ ಅಂತ ಅಪ್ಪನಿಗೆ ಹೇಳಿದಾಗ ಅವರಿಗೆ ಖುಷಿಯೋ ಖುಷಿ.

ಈ ಗ್ರೋಸರ್ಸ್ ಕಂಪನಿಗೆ ಕಾಲಕ್ರಮದಲ್ಲಿ ವ್ಯಾಪಾರಕ್ಕಿಂತ ದಾನಧರ್ಮದ ಕೆಲಸವೇ ಜಾಸ್ತಿಯಾಯಿತು. ಕಂಪನಿಯ ಸದಸ್ಯ ವಿಲಿಯಂ ಲಾಕ್ಸ್‌ಟನ್ ಬಿಟ್ಟುಹೋದ ಆಸ್ತಿಯಿಂದ 1556ರಲ್ಲಿ ಔಂಡಲ್ ಅನ್ನುವ ಊರಿನಲ್ಲಿ ಒಂದು ಶಾಲೆ ಆಯಿತು. ಅದಾಗಿ ಮುನ್ನೂರು ಚಿಲ್ಲರೆ ವರ್ಷದ ಮೇಲೆ, 1876ರಲ್ಲಿ, ಹ್ಯಾಕ್ನಿಯಲ್ಲಿ ಇನ್ನೊಂದು ಶಾಲೆ ತೆರೆದರು. ಲಂಡನ್ ಆಗ ದಿನದಿನಕ್ಕೆ ಬೆಳೆಯುತ್ತಿತ್ತು. ಗುಮಾಸ್ತರು, ಸಣ್ಣ ವ್ಯಾಪಾರಿಗಳು ಊರ ನಡುವಿನ ಗದ್ದಲ ಬಿಟ್ಟು ಹ್ಯಾಕ್ನಿಯಂಥ ಕಡೆ ಮನೆ ಮಾಡಿಕೊಳ್ಳುತ್ತಿದ್ದರು. ಈಟನ್ನಿಗೆ ಕಳಿಸುವ ದುಡ್ಡಿಲ್ಲದ, ಆದರೆ ಮಗ ನಾಲ್ಕಕ್ಷರ ಚೆನ್ನಾಗಿ ಕಲಿಯಲಿ ಅನ್ನುವ ಆಸೆಯಿದ್ದ ಇಂಥವರ ಗಂಡುಮಕ್ಕಳಿಗಾಗಿ ಹುಟ್ಟಿದ್ದು ಈ "ಗ್ರೋಸರ್ಸ್ ಕಂಪನೀಸ್ ಸ್ಕೂಲ್".

ಎರಡು ಶಾಲೆಗೂ ಒಂದೇ ಮೆಣಸಿನ ದುಡ್ಡು. ಔಂಡಲ್ ಶಾಲೆ ಫೀಸು ಕೊಟ್ಟು ಓದುವ ದೊಡ್ಡ ವಸತಿಶಾಲೆಯಾಗಿ ಇವತ್ತಿಗೂ ನಡೆಯುತ್ತಿದೆ. ಹ್ಯಾಕ್ನಿಯ ಶಾಲೆಯನ್ನು ಗ್ರೋಸರ್ಸ್ ಕಂಪನಿ 20ನೇ ಶತಮಾನದ ಮೊದಲ ದಶಕದಲ್ಲಿ ಲಂಡನ್ ಕೌಂಟಿ ಕೌನ್ಸಿಲ್‌ಗೆ, ಅಂದರೆ ಆಗಿನ ನಗರಾಡಳಿತಕ್ಕೆ, ಒಪ್ಪಿಸಿಬಿಟ್ಟಿತು. ಹೆಸರು ಹ್ಯಾಕ್ನಿ ಡೌನ್ಸ್ ಸ್ಕೂಲ್ ಅಂತಾಯಿತು. ಹಳೆಯ ವಿದ್ಯಾರ್ಥಿಗಳ ಸಂಘ ಮಾತ್ರ "ಕ್ಲೋವ್ ಕ್ಲಬ್", ಅಂದರೆ ಲವಂಗದ ಕ್ಲಬ್ಬು, ಅಂತಲೇ ಉಳಿಯಿತು.

*

ಇನ್ನು ಈ ಶಾಲೆಯ ಒಳ್ಳೆಯ ದಿನಗಳು.

ಪೂರ್ವ ಯುರೋಪಿನಿಂದ ಓಡಿಬಂದ ಯಹೂದಿ ಕುಟುಂಬಗಳು ಮೊದಲು ಲಂಡನ್ನಿನ ಈಸ್ಟ್ ಎಂಡ್‌ನಲ್ಲಿ ಇಕ್ಕಟ್ಟಿನಲ್ಲಿ ಬದುಕಿ, ಸ್ವಲ್ಪ ಕಾಸು ಕೂಡಿದ ಮೇಲೆ ಹ್ಯಾಕ್ನಿಗೆ ಬಂದವು. ಹೊಲಿಗೆ, ಮರಗೆಲಸ, ಸಣ್ಣ ಅಂಗಡಿ ಅವರ ಜೀವನ. ಅವರ ಮಕ್ಕಳಿಗೆ ಈ ಶಾಲೆ ಏಣಿಯಾಯಿತು. 1944ರ ಶಿಕ್ಷಣ ಕಾಯಿದೆ ಬಂದ ಮೇಲೆ ಹನ್ನೊಂದನೇ ವಯಸ್ಸಿಗೆ ನಡೆಯುತ್ತಿದ್ದ "ಇಲೆವೆನ್ ಪ್ಲಸ್" ಪರೀಕ್ಷೆಯಲ್ಲಿ ಪಾಸಾದವರಿಗೆ ಗ್ರಾಮರ್ ಶಾಲೆಯಲ್ಲಿ ಫೀಸಿಲ್ಲದ ಸೀಟು ಸಿಗುತ್ತಿತ್ತು. ಪಾಸಾಗದವರು ಬೇರೆ ಶಾಲೆಗೆ. ಹ್ಯಾಕ್ನಿ ಡೌನ್ಸ್ ಗ್ರಾಮರ್ ಶಾಲೆ. ಅಂದರೆ ಜರಡಿ ಹಿಡಿದು ಸೋಸಿದ ಹುಡುಗರೇ ಅಲ್ಲಿಗೆ ಬರುತ್ತಿದ್ದದ್ದು. ಈ ಜರಡಿಯ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಾಗೆ ಬಂದವರಲ್ಲಿ ಒಬ್ಬ ಕ್ಲಾಪ್ಟನ್ನಿನ ದರ್ಜಿಯ ಒಬ್ಬನೇ ಮಗ ಹೆರಾಲ್ಡ್ ಪಿಂಟರ್. ಹುಟ್ಟಿದ್ದು 1930ರಲ್ಲಿ, ಈ ಶಾಲೆಯಲ್ಲಿ ಓದಿದ್ದು 1944ರಿಂದ 1948ರವರೆಗೆ. ಯುದ್ಧದ ಕಾಲ, ಬಾಂಬು ಬೀಳುವ ಹೆದರಿಕೆಯಿಂದ ಲಂಡನ್ನಿನ ಮಕ್ಕಳನ್ನೆಲ್ಲ ದೂರದ ಹಳ್ಳಿಗಳಿಗೆ ಸಾಗಿಸಿ ಮತ್ತೆ ಕರೆತಂದ ಕಾಲ. ಶಾಲೆಯಲ್ಲಿ ಜೋಸೆಫ್ ಬ್ರಿಯರ್ಲಿ ಅನ್ನುವ ಇಂಗ್ಲಿಷ್ ಮೇಷ್ಟ್ರಿದ್ದರು. ಅವರು ಹುಡುಗರಿಂದ ಶೇಕ್ಸ್‌ಪಿಯರ್ ನಾಟಕ ಆಡಿಸುತ್ತಿದ್ದರು. 1947ರಲ್ಲಿ ಪಿಂಟರ್ ಮ್ಯಾಕ್‌ಬೆತ್ ಆದ, ಮರುವರ್ಷ ರೋಮಿಯೋ ಆದ. ಮೇಷ್ಟ್ರು, ಶಿಷ್ಯ ಇಬ್ಬರೂ ಹ್ಯಾಕ್ನಿಯ ಬೀದಿಗಳಲ್ಲಿ ಮೈಲಿಗಟ್ಟಲೆ ನಡೆಯುತ್ತಾ ನಾಟಕ, ಕಾವ್ಯ ಅಂತ ಮಾತಾಡುತ್ತಿದ್ದರಂತೆ. 1977ರಲ್ಲಿ ಮೇಷ್ಟ್ರು ತೀರಿಕೊಂಡ ಮೇಲೆ ಪಿಂಟರ್ ಅವರ ಹೆಸರನ್ನೇ ಶೀರ್ಷಿಕೆಯಾಗಿಟ್ಟು ಒಂದು ಕವಿತೆ ಬರೆದ. ದರ್ಜಿಯ ಮಗನ ತಲೆಯೊಳಗೆ ಶೇಕ್ಸ್‌ಪಿಯರ್‌ನನ್ನು ಇಳಿಸಿದ್ದು ಸರಕಾರಿ ಸಂಬಳದ ಒಬ್ಬ ಮೇಷ್ಟ್ರು. ನನಗೆ ಈ ಇಡೀ ಕಥೆಯಲ್ಲಿ ತುಂಬ ಇಷ್ಟವಾದ ಭಾಗ ಇದು.

ಇನ್ನೂ ಇದ್ದಾರೆ. ನಟ, ನಾಟಕಕಾರ ಸ್ಟೀವನ್ ಬರ್ಕಾಫ್, ಚಿತ್ರಕಾರ ಲಿಯಾನ್ ಕೊಸಾಫ್ ಇಲ್ಲಿಯವರೇ. ಮೀನು ಮಾರುಕಟ್ಟೆಯ ಹಮಾಲಿಯ ಮಗನೊಬ್ಬ ಒಂದು ವರ್ಷ ಇಲ್ಲಿ ಓದಿ ಬೇರೆ ಶಾಲೆಗೆ ಹೋದ, ಆಮೇಲೆ ಮೈಕಲ್ ಕೇನ್ ಅಂತ ಹೆಸರಿಟ್ಟುಕೊಂಡು ಸಿನಿಮಾದವನಾದ.

*

ಹಾಗಾದರೆ ಇಂಥ ಶಾಲೆ ಮುಳುಗಿದ್ದು ಹೇಗೆ? ಒಂದೇ ದಿನದಲ್ಲಿ ಅಲ್ಲ. ಕೆರೆ ಒಡೆಯುವುದಕ್ಕೆ ಮೊದಲು ಏರಿಯಲ್ಲಿ ಸಣ್ಣ ಸಣ್ಣ ಬಿಲ ಬೀಳುತ್ತದಲ್ಲ, ಹಾಗೆ.

1963ರಲ್ಲಿ ಶಾಲೆಗೆ ಬೆಂಕಿ ಬಿದ್ದು ಹಳೆಯ ಕಟ್ಟಡದ ದೊಡ್ಡ ಭಾಗ ಹಾಳಾಯಿತು. 1965ರಲ್ಲಿ ಲೇಬರ್ ಸರಕಾರ ಇಲೆವೆನ್ ಪ್ಲಸ್ ಜರಡಿ ಬೇಡ, ಎಲ್ಲ ಮಕ್ಕಳೂ ಒಂದೇ ಬಗೆಯ "ಕಾಂಪ್ರೆಹೆನ್ಸಿವ್" ಶಾಲೆಗೆ ಹೋಗಲಿ ಅಂತ ಸ್ಥಳೀಯ ಆಡಳಿತಗಳಿಗೆ ಸುತ್ತೋಲೆ ಕಳಿಸಿತು. 60ರ ದಶಕ ಮುಗಿಯುವ ಹೊತ್ತಿಗೆ ಹ್ಯಾಕ್ನಿ ಡೌನ್ಸ್ ಕೂಡ ಕಾಂಪ್ರೆಹೆನ್ಸಿವ್ ಆಯಿತು. ನನ್ನ ಮಟ್ಟಿಗೆ ಇದು ಒಳ್ಳೆಯ ಉದ್ದೇಶವೇ. ಹನ್ನೊಂದು ವರ್ಷದ ಮಗುವಿಗೆ "ನೀನು ದಡ್ಡ" ಅಂತ ಸರ್ಟಿಫಿಕೇಟ್ ಕೊಡುವುದು ಯಾವ ನ್ಯಾಯ?

ಆದರೆ ಅದೇ ಕಾಲಕ್ಕೆ ಹ್ಯಾಕ್ನಿಯೂ ಬದಲಾಗುತ್ತಿತ್ತು. ಸ್ವಲ್ಪ ಅನುಕೂಲ ಕಂಡ ಯಹೂದಿ ಕುಟುಂಬಗಳು ಉತ್ತರದ ಬಡಾವಣೆಗಳಿಗೆ ಹೋದವು. ಅವರು ಬಿಟ್ಟ ಮನೆಗಳಿಗೆ ಕೆರಿಬಿಯನ್ನಿನಿಂದ, ಆಫ್ರಿಕದಿಂದ, ಟರ್ಕಿಯಿಂದ, ನಮ್ಮ ಉಪಖಂಡದಿಂದ ಜನ ಬಂದರು. ಲಂಡನ್ನಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ದೇಶದ ಅತಿ ಬಡ ಬಡಾವಣೆಗಳ ಪಟ್ಟಿಯಲ್ಲಿ ಹ್ಯಾಕ್ನಿಯ ಹೆಸರು ಬರತೊಡಗಿತು. ಮನೆಯಲ್ಲಿ ಇಂಗ್ಲಿಷ್ ಆಡದ, ಆಗಾಗ ಮನೆ ಬದಲಿಸುವ, ವಿಶೇಷ ಗಮನ ಬೇಕಾದ ಮಕ್ಕಳು ಶಾಲೆಗೆ ಬಂದರು. ಅದು ಅವರ ತಪ್ಪಲ್ಲ. ಅವರಿಗೆ ಬೇಕಾದಷ್ಟು ಮೇಷ್ಟ್ರು, ದುಡ್ಡು, ಗಟ್ಟಿ ಕಟ್ಟಡ ಮಾತ್ರ ಬರಲಿಲ್ಲ.

ನಿಜವಾದ ಪೆಟ್ಟು ಬಿದ್ದದ್ದು 1988ರ ನಂತರ. ಆ ವರ್ಷದ ಶಿಕ್ಷಣ ಸುಧಾರಣಾ ಕಾಯಿದೆ ಎರಡು ಕೆಲಸ ಮಾಡಿತು. ಒಂದು, ಒಳ ಲಂಡನ್ನಿನ ಶಾಲೆಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಐ.ಎಲ್.ಇ.ಎ. ಅನ್ನುವ ಸಂಸ್ಥೆಯನ್ನು ರದ್ದು ಮಾಡಿತು. 1990ರಲ್ಲಿ ಹ್ಯಾಕ್ನಿ ಕೌನ್ಸಿಲ್ ಯಾವ ಅನುಭವವೂ ಇಲ್ಲದೆ ತನ್ನ ಶಾಲೆಗಳನ್ನು ನಡೆಸಬೇಕಾಯಿತು. ಎರಡು, ದುಡ್ಡು ಮಕ್ಕಳ ತಲೆಯ ಹಿಂದೆ ಹೋಗುವಂತೆ ಮಾಡಿತು. ಹೆಚ್ಚು ಮಕ್ಕಳಿದ್ದ ಶಾಲೆಗೆ ಹೆಚ್ಚು ಹಣ. ಅಪ್ಪ ಅಮ್ಮ ತಮಗೆ ಬೇಕಾದ ಶಾಲೆ ಆರಿಸಿಕೊಳ್ಳಬಹುದು. 1992ರಿಂದ ಶಾಲೆಗಳ ಪರೀಕ್ಷಾ ಫಲಿತಾಂಶದ ಪಟ್ಟಿ ಪತ್ರಿಕೆಗಳಲ್ಲಿ ಬರತೊಡಗಿತು. ಅದೇ ವರ್ಷದ ಕಾಯಿದೆಯಿಂದ ಶಾಲೆಗಳ ತಪಾಸಣೆಗೆ ಆಫ್‌ಸ್ಟೆಡ್ ಅನ್ನುವ ಸಂಸ್ಥೆ ಹುಟ್ಟಿತು.

ಕೇಳುವುದಕ್ಕೆ ಎಲ್ಲವೂ ಸರಿಯಾಗಿದೆ ಅಲ್ವಾ? ಈಗ ಲೆಕ್ಕ ಹಾಕಿ ನೋಡಿ. ಶಾಲೆಯ ಫಲಿತಾಂಶ ಒಂದು ವರ್ಷ ಕಡಿಮೆ ಬಂತು. ಪಟ್ಟಿ ನೋಡಿದ ಅಪ್ಪ ಅಮ್ಮಂದಿರಲ್ಲಿ ಓಡಾಡಬಲ್ಲವರು, ಅರ್ಜಿ ಬರೆಯಬಲ್ಲವರು ಮಕ್ಕಳನ್ನು ಬೇರೆ ಕಡೆ ಹಾಕಿದರು. ಮಕ್ಕಳು ಕಡಿಮೆಯಾದರು, ದುಡ್ಡೂ ಕಡಿಮೆಯಾಯಿತು. ಸೀಟು ಖಾಲಿ ಇರುವುದರಿಂದ ಬೇರೆ ಶಾಲೆಗಳು ಹೊರಗೆ ಹಾಕಿದ, ವರ್ಷದ ಮಧ್ಯೆ ಎಲ್ಲಿಂದಲೋ ಬಂದ ಹುಡುಗರೆಲ್ಲ ಇಲ್ಲಿಗೇ ಬಂದರು. ಮೇಷ್ಟ್ರು ಬೇಸತ್ತು ಬಿಟ್ಟುಹೋದರು. ತಾತ್ಕಾಲಿಕ ಹೆಡ್‌ಮಾಸ್ಟರುಗಳು ಒಬ್ಬರ ಹಿಂದೆ ಒಬ್ಬರು ಬಂದುಹೋದರು. ಫಲಿತಾಂಶ ಇನ್ನೂ ಕೆಳಗೆ ಇಳಿಯಿತು. ಮತ್ತೆ ಮೊದಲಿನಿಂದ... ಗಾಣದೆತ್ತು ಸುತ್ತಿದ ಹಾಗೆ.

ಅಲ್ಲಿಯ ಜಿ.ಸಿ.ಎಸ್.ಇ. ಅಂದರೆ ನಮ್ಮ ಎಸ್ಸೆಸ್ಸೆಲ್ಸಿ ಇದ್ದ ಹಾಗೆ, ಹದಿನಾರರ ವಯಸ್ಸಿನ ಪರೀಕ್ಷೆ. ಐದು ವಿಷಯದಲ್ಲಿ ಒಳ್ಳೆಯ ಗ್ರೇಡು ತೆಗೆದರೆ ಪಾಸಾದ ಲೆಕ್ಕ. ಕೊನೆಯ ವರ್ಷಗಳಲ್ಲಿ ಹ್ಯಾಕ್ನಿ ಡೌನ್ಸ್‌ನಲ್ಲಿ ಅಷ್ಟು ತೆಗೆದವರು ಕೈಬೆರಳೆಣಿಕೆ. 1994ರಲ್ಲಿ ತಪಾಸಣೆಯವರು ಬಂದು "ಈ ಶಾಲೆ ವಿಫಲ" ಅಂತ ಬರೆದು ಹೋದರು.

1995ರಲ್ಲಿ ನಡೆದದ್ದು ನಾಟಕವೇ ಸರಿ. ಕೌನ್ಸಿಲ್ ಮೊದಲು ಶಾಲೆ ಮುಚ್ಚುತ್ತೇವೆ ಅಂದಿತು. ಪೋಷಕರು, ಮೇಷ್ಟ್ರು ಹೋರಾಡಿದ ಮೇಲೆ ಇಲ್ಲ, ಉಳಿಸುತ್ತೇವೆ ಅಂದಿತು. ಆಗ ಶಿಕ್ಷಣ ಮಂತ್ರಿಯಾಗಿದ್ದ ಗಿಲಿಯನ್ ಶೆಫರ್ಡ್ 1993ರ ಕಾಯಿದೆ ಕೊಟ್ಟ ಅಧಿಕಾರ ಬಳಸಿ, ಶಾಲೆಯನ್ನು ಕೌನ್ಸಿಲ್ ಕೈಯಿಂದ ಕಿತ್ತು ಒಂದು "ಎಜುಕೇಷನ್ ಅಸೋಸಿಯೇಷನ್" ತಂಡಕ್ಕೆ ಕೊಟ್ಟರು. ದೇಶದಲ್ಲಿ ಈ ಅಸ್ತ್ರ ಪ್ರಯೋಗವಾದದ್ದು ಇದೊಂದೇ ಶಾಲೆಯ ಮೇಲೆ. ಕೆಲವೇ ತಿಂಗಳಲ್ಲಿ ತಂಡ ವರದಿ ಕೊಟ್ಟಿತು: ಮುಚ್ಚಿ. ಇಷ್ಟು ಕಡಿಮೆ ಹುಡುಗರಿಗೆ ಇಷ್ಟು ಖರ್ಚು ಮಾಡಿಯೂ ಪ್ರಯೋಜನವಿಲ್ಲ ಅನ್ನುವುದು ವಾದ. ಪೋಷಕರು ಕೋರ್ಟಿನ ಮೆಟ್ಟಿಲೂ ಹತ್ತಿದರು, ಉಪಯೋಗವಾಗಲಿಲ್ಲ. 1995ರ ಡಿಸೆಂಬರ್ ಕೊನೆಗೆ, 119 ವರ್ಷದ ಶಾಲೆಗೆ ಬೀಗ ಬಿತ್ತು.

*

ಅಲ್ಲಿಯವರೆಗಿನ ಕಥೆಯನ್ನು ನಾನು ಅಪ್ಪನಿಗೆ ಫೋನಿನಲ್ಲಿ ಹೇಳಿದ್ದೆ. ಅಪ್ಪ ಎಲ್ಲ ಕೇಳಿಸಿಕೊಂಡು, "ಅದೆಲ್ಲ ಸರಿ ಮಾರಾಯ, ಆ ಹುಡುಗ್ರು ಏನಾದ್ರು?" ಅಂದರು.

ಯಾವ ಹುಡುಗರು?

"ಬೀಗ ಹಾಕಿದ ದಿನ ಒಳಗಿದ್ರಲ್ಲ, ಅವ್ರು."

ನಾನು ಪಿಂಟರ್ ಬಗ್ಗೆ ಓದಿದ್ದೆ, ಕಾಯಿದೆಗಳ ಬಗ್ಗೆ ಓದಿದ್ದೆ, ಇದನ್ನು ಮಾತ್ರ ಕೇಳಿಕೊಂಡಿರಲಿಲ್ಲ. ಹುಡುಕಿ ನೋಡಿದೆ. ಕೊನೆಗೆ ಉಳಿದಿದ್ದವರು ಸುಮಾರು 200 ಹುಡುಗರು. ಅವರನ್ನು ವರ್ಷದ ನಡುವೆ ಹೋಮರ್ಟನ್ ಹೌಸ್ ಅನ್ನುವ ಇನ್ನೊಂದು ಶಾಲೆಗೆ ಕಳಿಸಿದರು. ಅವರಲ್ಲಿ ಕೊನೆಯ ವರ್ಷದವರಿಗೆ ಜಿ.ಸಿ.ಎಸ್.ಇ.ಗೆ ಐದಾರು ತಿಂಗಳು ಮಾತ್ರ ಇತ್ತು. ಆ ಹೋಮರ್ಟನ್ ಹೌಸ್ ಕೂಡ ಮುಂದೆ ಹೆಸರು ಬದಲಿಸಿಕೊಂಡು, ಕೊನೆಗೆ ಅದೂ ಮುಚ್ಚಿಹೋಯಿತು.

ಅಪ್ಪ ಯಾಕೆ ಹಾಗೆ ಕೇಳಿದರು ಅಂತ ನನಗೆ ಗೊತ್ತು. ಅವರು ಹೆಡ್‌ಮಾಸ್ಟರ್ ಆಗಿದ್ದಾಗ ಒಂದು ವರ್ಷ ಶಾಲೆಯ ಎಸ್ಸೆಸ್ಸೆಲ್ಸಿ ಫಲಿತಾಂಶ ಪಾತಾಳಕ್ಕೆ ಹೋಗಿತ್ತು. ಗಣಿತಕ್ಕೆ ಮೇಷ್ಟ್ರಿರಲಿಲ್ಲ, ಇಡೀ ವರ್ಷ. ಮೇಲಿನವರ ಮೀಟಿಂಗಿನಲ್ಲಿ ಎಲ್ಲರ ಮುಂದೆ ಎದ್ದು ನಿಲ್ಲಿಸಿ ಕಾರಣ ಕೇಳಿದರಂತೆ. "ಗಣಿತದ ಮೇಷ್ಟ್ರು ಕೊಡಿ ಅಂತ ನಾಲ್ಕು ಪತ್ರ ಬರೆದಿದ್ದೆ ಸಾರ್" ಅಂದರೆ, "ಅದು ಬೇರೆ ವಿಷಯ, ಪರ್ಸೆಂಟೇಜ್ ಹೇಳ್ರಿ" ಅಂದರಂತೆ. ಆ ರಾತ್ರಿ ಅಪ್ಪ ಊಟ ಮಾಡಲಿಲ್ಲ. ಫೇಲಾದ ಹುಡುಗರ ಪಟ್ಟಿ ಹಿಡಿದುಕೊಂಡು ಜಗುಲಿಯ ಮೇಲೆ ಕೂತಿದ್ದರು. ಮರುದಿನದಿಂದ ಒಬ್ಬೊಬ್ಬರ ಮನೆಗೂ ಹೋಗಿ ಸಪ್ಲಿಮೆಂಟರಿಗೆ ಕಟ್ಟಿಸಿದರು. ಅವರಿಗೆ ಪರ್ಸೆಂಟೇಜು ಅಂದರೆ ಆ ಹೆಸರುಗಳು.

*

ಈಗ ಎರಡನೇ ಅಂಕ.

ಮುಚ್ಚಿದ ಶಾಲೆಯ ಕಟ್ಟಡ ನೆಲಸಮವಾಯಿತು. 2000ದಲ್ಲಿ ಟೋನಿ ಬ್ಲೇರ್ ಸರಕಾರ "ಅಕಾಡೆಮಿ" ಅನ್ನುವ ಹೊಸ ಯೋಜನೆ ತಂದಿತು. ಖಾಸಗಿ ದಾನಿಯೊಬ್ಬರು ಸ್ವಲ್ಪ ಹಣ ಹಾಕುತ್ತಾರೆ, ಉಳಿದದ್ದೆಲ್ಲ ಸರಕಾರದ್ದು, ಫೀಸಿಲ್ಲ, ಆದರೆ ಶಾಲೆ ಕೌನ್ಸಿಲ್‌ನ ಹಿಡಿತದಲ್ಲಿ ಇರುವುದಿಲ್ಲ. ಹ್ಯಾಕ್ನಿ ಡೌನ್ಸ್‌ನ ಜಾಗಕ್ಕೆ ಮುಂದೆ ಬಂದವರು ಕ್ಲೈವ್ ಬೋರ್ನ್ ಅನ್ನುವ ಉದ್ಯಮಿ. ತಮ್ಮ ತಂದೆ ಮಾಸ್ ಬೋರ್ನ್ ಹೆಸರಿನಲ್ಲಿ ಶಾಲೆಗೆ ಮಾಸ್‌ಬೋರ್ನ್ ಅಂತ ಹೆಸರಿಟ್ಟರು. ಕಟ್ಟಡದ ವಿನ್ಯಾಸ ಜಗತ್ಪ್ರಸಿದ್ಧ ರಿಚರ್ಡ್ ರಾಜರ್ಸ್ ಅವರ ಸಂಸ್ಥೆಯದ್ದು. ಎರಡು ಕಡೆ ರೈಲು ಹಳಿಗೆ ಬೆನ್ನು ಹಾಕಿ, ಮೈದಾನದ ಕಡೆ ಮುಖ ಮಾಡಿದ ಮರದ ಚೌಕಟ್ಟಿನ ದೊಡ್ಡ ಕಟ್ಟಡ. ನಾನು ರೈಲಿನಿಂದ ನೋಡುತ್ತಿದ್ದದ್ದು ಇದನ್ನೇ!

2004ರ ಸೆಪ್ಟೆಂಬರಿನಲ್ಲಿ ಶಾಲೆ ತೆರೆಯಿತು. ಈ ಸಲ ಹುಡುಗಿಯರಿಗೂ ಪ್ರವೇಶ. ಪ್ರಿನ್ಸಿಪಾಲ್ ಸರ್ ಮೈಕಲ್ ವಿಲ್ಶಾ. ಅವರದ್ದು ಹಳೇ ಕಾಲದ ಹೆಡ್‌ಮಾಸ್ಟರ್ ಶೈಲಿ: ಯೂನಿಫಾರಂ ಸರಿಯಾಗಿರಬೇಕು, ಮೇಷ್ಟ್ರನ್ನು ಸರ್ ಅಂತಲೇ ಕರೆಯಬೇಕು, ಪ್ರತಿ ಪಾಠದ ಮೊದಲು ಎಲ್ಲರೂ ಸೇರಿ ಒಂದು ಸಂಕಲ್ಪ ಹೇಳಬೇಕು, ಹಿಂದೆ ಬಿದ್ದವರು ಶಾಲೆ ಬಿಟ್ಟ ಮೇಲೂ ಕೂತು ಓದಬೇಕು. ನಮಗೆ ಇದರಲ್ಲಿ ಹೊಸದೇನೂ ಕಾಣುವುದಿಲ್ಲ :) ಅಲ್ಲಿ ಮಾತ್ರ ಅದೊಂದು ದೊಡ್ಡ ಸುದ್ದಿಯಾಯಿತು. ಇಂಥ ಶಿಸ್ತು ಮಕ್ಕಳಿಗೆ ಒಳ್ಳೆಯದೋ ಕೆಟ್ಟದ್ದೋ ಅಂತ ಇಂಗ್ಲೆಂಡಿನಲ್ಲಿ ಇವತ್ತಿಗೂ ಜಗಳ ನಿಂತಿಲ್ಲ.

ಮೊದಲ ತಂಡದ ಮಕ್ಕಳು 2009ರಲ್ಲಿ ಜಿ.ಸಿ.ಎಸ್.ಇ. ಬರೆದರು. ಇಂಗ್ಲಿಷ್, ಗಣಿತ ಸೇರಿ ಐದು ವಿಷಯಗಳಲ್ಲಿ ಒಳ್ಳೆಯ ಗ್ರೇಡು ಪಡೆದವರು 100ಕ್ಕೆ 80ಕ್ಕೂ ಹೆಚ್ಚು. ಆ ವರ್ಷ ಇಡೀ ಇಂಗ್ಲೆಂಡಿನ ಸರಾಸರಿ 50ರ ಆಸುಪಾಸು. ಮನೆಯ ಬಡತನದಿಂದಾಗಿ ಶಾಲೆಯಲ್ಲಿ ಪುಕ್ಕಟೆ ಊಟ ಪಡೆಯುತ್ತಿದ್ದ ಮಕ್ಕಳು ಅಲ್ಲಿ ಸುಮಾರು ಶೇಕಡಾ 40. 2011ರಲ್ಲಿ ಇಲ್ಲಿಯ ಹಲವು ಮಕ್ಕಳಿಗೆ ಕೇಂಬ್ರಿಜ್‌ನಲ್ಲಿ ಸೀಟು ಸಿಕ್ಕಿತು. 2012ರಲ್ಲಿ ವಿಲ್ಶಾ ಆಫ್‌ಸ್ಟೆಡ್‌ನ ಮುಖ್ಯಸ್ಥರಾದರು, 2016ರವರೆಗೆ ಇದ್ದರು. ಎಂಥ ತಮಾಷೆ ನೋಡಿ: ಒಂದು ಶಾಲೆಯನ್ನು ವಿಫಲ ಅಂತ ಸಾರಿದ ತಪಾಸಣಾ ಸಂಸ್ಥೆಗೆ ಅದೇ ನೆಲದ ಮೇಲಿನ ಶಾಲೆಯ ಹೆಡ್‌ಮಾಸ್ಟರೇ ಯಜಮಾನರಾದರು!

ಕಥೆ ಇಲ್ಲಿಗೆ ಮುಗಿಸಿದ್ದರೆ ಸಿನಿಮಾ ಥರ ಚೆನ್ನಾಗಿರುತ್ತಿತ್ತು. ಕೆಟ್ಟ ಶಾಲೆ ಮುಚ್ಚಿತು, ಒಳ್ಳೆಯ ಶಾಲೆ ಬಂತು, ಶುಭಂ. ಅನೇಕರು ಹೀಗೇ ಹೇಳುತ್ತಾರೆ ಕೂಡ. ಆದರೆ ನನಗೆ ಸಮಾಧಾನವಾಗುವುದಿಲ್ಲ.

*

ಮಾಸ್‌ಬೋರ್ನ್ ಮಾಡಿದ್ದು ಸಣ್ಣ ಸಾಧನೆಯಲ್ಲ. ಹ್ಯಾಕ್ನಿಯ ಮಕ್ಕಳ ತಲೆಯಲ್ಲಿ ಏನೂ ಕೊರತೆಯಿಲ್ಲ ಅಂತ ಅದು ತೋರಿಸಿಕೊಟ್ಟಿತು. "ಇಂಥ ಮನೆಯ ಮಕ್ಕಳು ಇಷ್ಟೇ" ಅನ್ನುವವರ ಬಾಯಿ ಮುಚ್ಚಿಸಿತು. ಇದಕ್ಕೆ ಆ ಮೇಷ್ಟ್ರುಗಳಿಗೆ, ವಿಲ್ಶಾ ಅವರಿಗೆ ನನ್ನದೊಂದು ನಮಸ್ಕಾರ.

ಆದರೆ ಹಳೆಯ ಶಾಲೆಗೂ ಹೊಸದಕ್ಕೂ ಕೈಗೆ ಸಿಕ್ಕ ಸಾಮಾನು ಒಂದೇ ಆಗಿತ್ತಾ? ಮಾಸ್‌ಬೋರ್ನ್‌ಗೆ ಕೋಟಿಗಟ್ಟಲೆ ಪೌಂಡಿನ ಹೊಸ ಕಟ್ಟಡ ಸಿಕ್ಕಿತು, ಹ್ಯಾಕ್ನಿ ಡೌನ್ಸ್‌ಗೆ ರಿಪೇರಿಗೂ ಪರದಾಟ. ಮಾಸ್‌ಬೋರ್ನ್ ಮೊದಲ ವರ್ಷ ಹನ್ನೊಂದರ ವಯಸ್ಸಿನವರನ್ನು ಮಾತ್ರ ಸೇರಿಸಿಕೊಂಡು, ವರ್ಷಕ್ಕೊಂದು ತರಗತಿಯಂತೆ ನಿಧಾನವಾಗಿ ಬೆಳೆಯಿತು. ಹ್ಯಾಕ್ನಿ ಡೌನ್ಸ್ ತನ್ನ ಕೊನೆಗಾಲದಲ್ಲಿ ಯಾರು ಯಾವಾಗ ಬಂದರೂ ಒಳಗೆ ಬಿಟ್ಟುಕೊಳ್ಳಬೇಕಿತ್ತು. ಮಾಸ್‌ಬೋರ್ನ್ ಅರ್ಜಿ ಹಾಕಿದ ಮಕ್ಕಳಿಗೆ ಒಂದು ಪರೀಕ್ಷೆ ಕೊಟ್ಟು, ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿನಿಂದಲೂ ಮಕ್ಕಳನ್ನು ಆರಿಸಿಕೊಳ್ಳುತ್ತದೆ. ಚುರುಕಾದವರು, ನಿಧಾನದವರು ಎಲ್ಲರೂ ಸಮನಾಗಿ ಬರಲಿ ಅಂತ. ನ್ಯಾಯವಾದ ಕ್ರಮವೇ. ಆದರೆ ಹ್ಯಾಕ್ನಿ ಡೌನ್ಸ್‌ಗೆ 1990ರ ದಶಕದಲ್ಲಿ ಬರುತ್ತಿದ್ದದ್ದು ಬೇರೆ ಎಲ್ಲೂ ಸೀಟು ಸಿಗದವರೇ ಹೆಚ್ಚು. ಮಾಸ್‌ಬೋರ್ನ್ ತನ್ನ ಮೇಷ್ಟ್ರುಗಳನ್ನು ತಾನೇ ಆರಿಸಿಕೊಂಡಿತು, ಹ್ಯಾಕ್ನಿ ಡೌನ್ಸ್‌ಗೆ ಉಳಿದವರೇ ಗತಿ.

ಇನ್ನೊಂದು ವಿಷಯ. ಮೇಲೆ ಬಂದದ್ದು ಈ ಒಂದು ಶಾಲೆಯಷ್ಟೇ ಅಲ್ಲ. 2002ರಿಂದ ಹತ್ತು ವರ್ಷ ಹ್ಯಾಕ್ನಿಯ ಶಿಕ್ಷಣವನ್ನು ಲರ್ನಿಂಗ್ ಟ್ರಸ್ಟ್ ಅನ್ನುವ ಸ್ವತಂತ್ರ ಸಂಸ್ಥೆ ನಡೆಸಿತು. 2003ರಲ್ಲಿ ಲಂಡನ್ ಚಾಲೆಂಜ್ ಅನ್ನುವ ಯೋಜನೆ ಶುರುವಾಗಿ, ಚೆನ್ನಾಗಿ ನಡೆಯುವ ಶಾಲೆಯ ಮೇಷ್ಟ್ರುಗಳು ಕಷ್ಟದಲ್ಲಿರುವ ಶಾಲೆಗೆ ಹೋಗಿ ಕೈಹಿಡಿದು ನಡೆಸುವ ಏರ್ಪಾಡಾಯಿತು. ಮುಚ್ಚದೆಯೂ ಹಲವು ಶಾಲೆಗಳು ಮೇಲೆದ್ದವು. ಅಂದರೆ ದಾರಿ ಇತ್ತು. 1995ರಲ್ಲಿ ಯಾರೂ ಹುಡುಕಲಿಲ್ಲ, ಅಷ್ಟೇ.

ಮೊದಲು ನೆನಪಿಟ್ಟುಕೊಳ್ಳಿ ಅಂದಿದ್ದ ಜರಡಿಯ ವಿಷಯ ಈಗ. ಪಿಂಟರ್ ಕಾಲದ "ಒಳ್ಳೆಯ" ಶಾಲೆಗೆ ಜರಡಿ ಇತ್ತು. 1990ರ "ಕೆಟ್ಟ" ಶಾಲೆ ಬೇರೆಯವರ ಜರಡಿಯಿಂದ ಕೆಳಗೆ ಬಿದ್ದವರನ್ನೆಲ್ಲ ಬೊಗಸೆಯೊಡ್ಡಿ ಹಿಡಿದುಕೊಳ್ಳುತ್ತಿತ್ತು. ಪಟ್ಟಿಯಲ್ಲಿ ಎರಡಕ್ಕೂ ಒಂದೇ ಕಾಲಂ. ಫಲಿತಾಂಶದ ಪಟ್ಟಿ ಸುಳ್ಳು ಹೇಳುವುದಿಲ್ಲ ನಿಜ, ಆದರೆ ಅರ್ಧ ಮಾತ್ರ ಹೇಳುತ್ತದೆ. ಶಾಲೆ ಎಷ್ಟು ಜನರನ್ನು ದಾಟಿಸಿತು ಅಂತ ಹೇಳುತ್ತದೆ, ಎಂಥ ಹೊಳೆ ದಾಟಿಸಿತು ಅಂತ ಹೇಳುವುದಿಲ್ಲ.

ಇದು ಅಲ್ಲಿಯವರಿಗೂ ತಡವಾಗಿ ಅರ್ಥವಾಗಿದೆ. ಮಗು ಎಲ್ಲಿಂದ ಶುರುಮಾಡಿ ಎಲ್ಲಿಗೆ ತಲುಪಿತು ಅಂತ ಅಳೆಯುವ "ಪ್ರೋಗ್ರೆಸ್ 8" ಅನ್ನುವ ಲೆಕ್ಕ 2016ರಲ್ಲಿ ಬಂತು. ಇಡೀ ಶಾಲೆಗೆ ಒಂದೇ ಪದದ ತೀರ್ಪು ಬರೆಯುತ್ತಿದ್ದ ಪದ್ಧತಿಯನ್ನು ಆಫ್‌ಸ್ಟೆಡ್ 2024ರಲ್ಲಿ ಕೈಬಿಟ್ಟಿತು. ಅದಕ್ಕೂ ಒಂದು ಜೀವ ಹೋಗಬೇಕಾಯಿತು. ತನ್ನ ಶಾಲೆಗೆ ಕೆಟ್ಟ ತೀರ್ಪು ಬಂದ ಮೇಲೆ ಪ್ರೈಮರಿ ಶಾಲೆಯ ಹೆಡ್‌ಮಿಸ್ಟ್ರೆಸ್ ಒಬ್ಬರು 2023ರಲ್ಲಿ ಪ್ರಾಣ ಕಳೆದುಕೊಂಡಿದ್ದರು.

2005ರಲ್ಲಿ ಹೆರಾಲ್ಡ್ ಪಿಂಟರ್‌ಗೆ ನೊಬೆಲ್ ಬಂತು. ಆಗ ಅವನ ಶಾಲೆ ಮುಚ್ಚಿ ಹತ್ತು ವರ್ಷವಾಗುತ್ತಾ ಬಂದಿತ್ತು. ಹಾರ ಹಾಕಿ ಕರೆಸುವುದಕ್ಕೆ, ಹಳೆಯ ವಿದ್ಯಾರ್ಥಿ ಅಂತ ಬೋರ್ಡಿನ ಮೇಲೆ ಹೆಸರು ಬರೆಯುವುದಕ್ಕೆ ಶಾಲೆಯೇ ಇರಲಿಲ್ಲ.

ಪಿಂಟರ್‌ನ ಹೆಸರು ಹೇಗೂ ಉಳಿಯುತ್ತದೆ ಬಿಡಿ. ನನಗೆ ಕಾಡುವುದು ಆ 200 ಹುಡುಗರು. ಹಳೆಯ ಶಾಲೆಯ ಹೆಮ್ಮೆಯ ಪಟ್ಟಿಯಲ್ಲೂ ಅವರಿಲ್ಲ, ಹೊಸ ಶಾಲೆಯ ಶೇಕಡಾ ಲೆಕ್ಕದಲ್ಲೂ ಅವರಿಲ್ಲ. ಅವರಲ್ಲಿ ಹದಿಮೂರು ಹದಿನಾಲ್ಕು ವರ್ಷದವರಾಗಿದ್ದವರಿಗೆ ಈಗ ನಲವತ್ತು ದಾಟಿರುತ್ತದೆ. ಮಕ್ಕಳನ್ನು ಶಾಲೆಗೆ ಕಳಿಸುವ ವಯಸ್ಸು. ಅವರಲ್ಲಿ ಯಾರಾದರೂ ತಮ್ಮ ಮಗಳನ್ನು ಮಾಸ್‌ಬೋರ್ನ್ ಗೇಟಿನ ತನಕ ಬಿಟ್ಟು ಬರುತ್ತಿರಬಹುದಾ? ಬಿಟ್ಟು ತಿರುಗುವಾಗ, "ನಾನಿದ್ದಾಗ ಇದನ್ನು ಕೊಟ್ಟಿದ್ದರೆ" ಅಂತ ಅನ್ನಿಸುತ್ತದಾ?

ಅಪ್ಪ ಈಗಿಲ್ಲ. ಅವರು ಪಾಠ ಮಾಡಿದ ಶಾಲೆ ಇನ್ನೂ ಇದೆ. ಮಕ್ಕಳು ಕಡಿಮೆಯಾಗುತ್ತಿದ್ದಾರೆ, ಸುತ್ತಲಿನ ಇಂಗ್ಲಿಷ್ ಮೀಡಿಯಂ ಶಾಲೆಗಳ ಹಳದಿ ವ್ಯಾನುಗಳು ಅದರ ಮುಂದೆಯೇ ಹಾದು ಹೋಗುತ್ತವೆ. ಕಳೆದ ಸಲ ಊರಿಗೆ ಹೋದಾಗ ಪರಿಚಯದವರೊಬ್ಬರು ಸಿಕ್ಕಿ, "ಆ ಶಾಲೆ ರಿಸಲ್ಟ್ ಏನೂ ಇಲ್ಲ ಕಣ್ರಿ, ಇನ್ನೆಷ್ಟು ದಿನವೋ" ಅಂದರು. ಎಷ್ಟು ಪರ್ಸೆಂಟು ಅಂತ ನಾನು ಕೇಳಲಿಲ್ಲ. ಗಣಿತಕ್ಕೆ ಮೇಷ್ಟ್ರಿದ್ದಾರಾ ಅಂತ ಕೇಳಿದೆ.

ನಿಮ್ಮ ಊರಿನ ಶಾಲೆಯ ಕಥೆ ಏನು? ಪುರುಸೊತ್ತಾದಾಗ ನೀವೂ ಬರೆಯಿರಿ. ಮುಚ್ಚುವುದಕ್ಕೆ ಮೊದಲೇ ಬರೆದರೆ ಇನ್ನೂ ಒಳ್ಳೆಯದು.